ಮಿಲಾನಿನಲ್ಲಿ ಕಂಡ ಕಾಲ್ಮರಿ

ಕಳೆದ ವರ್ಷ ಜೂನ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ವಿಭಾಗದ ವಾಟ್ಸಾಪ್ ಗುಂಪಿಗೆ ಒಂದು ಛಾಯಾಚಿತ್ರ ಬಂದಿತು. ಮೊಣಕಾಲಿನ ಕೆಳಗಿನ ಭಾಗ ಮಾತ್ರ ಕಾಣುವ ಚಿತ್ರ: ಯಾರೋ ವಿದೇಶಿ ತರುಣನ ಬರಿಗಾಲು, ಅದರಲ್ಲಿ ಕಂದು ತೊಗಲಿನ ಚಪ್ಪಲಿ, ಹೆಬ್ಬೆರಳಿಗೊಂದು ಉಂಗುಟ, ಪಾದದ ಮೇಲೆ ಅಡ್ಡಪಟ್ಟಿ. ಕೆಳಗೆ ಒಂದೇ ಸಾಲಿನ ಒಕ್ಕಣೆ: “ಸರ, ನಮ್ಮ ಚಪ್ಪಲಿ ಕದ್ದಾರ್ರಿ ನೋಡ್ರಿ.” ಆಮೇಲೆ ಸಂಜೆಯವರೆಗೆ ಸಿಟ್ಟಿನ ಮಾತುಗಳು ಬರುತ್ತಲೇ ಇದ್ದವು. ನಾನು ಏನನ್ನೂ ಬರೆಯಲಿಲ್ಲ. ಒಂದು ಪದ್ಯವನ್ನಷ್ಟೇ ಓದಿ ಇಡೀ ಕಾವ್ಯದ ಮೇಲೆ ತೀರ್ಪು ಕೊಡಬಾರದೆಂದು ತರಗತಿಯಲ್ಲಿ ನಿಮಗೆ ಹೇಳುವವನು ನಾನೇ. ಆ ರಾತ್ರಿ ಕುಳಿತು ಪ್ರದರ್ಶನದ ಪೂರ್ಣ ದೃಶ್ಯಮುದ್ರಿಕೆಯನ್ನು ಎರಡು ಸಲ ನೋಡಿದೆ. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಈಗ, ಸಿಟ್ಟಿನ ಕಾವು ಇಳಿದ ಮೇಲೆ, ಬರೆಯುತ್ತಿದ್ದೇನೆ.

ಅದು 2025ರ ಜೂನ್ 22ರಂದು, ಮಿಲಾನಿನ ಪುರುಷರ ಉಡುಪುಗಳ ಫ್ಯಾಷನ್ ವೀಕಿನಲ್ಲಿ, ಪ್ರಾಡಾ ಸಂಸ್ಥೆಯು 2026ರ ವಸಂತ–ಗ್ರೀಷ್ಮ ಋತುವಿಗಾಗಿ ತೋರಿಸಿದ ಸಂಗ್ರಹ. ವಿನ್ಯಾಸಕರು ಇಬ್ಬರು: ಮಿಯುಚಾ ಪ್ರಾಡಾ ಮತ್ತು ಬೆಲ್ಜಿಯಂ ಮೂಲದ ರಾಫ್ ಸೈಮನ್ಸ್. ಸ್ವರದ ಬದಲಾವಣೆ ಎಂಬರ್ಥದ ಹೆಸರನ್ನು ಸಂಗ್ರಹಕ್ಕೆ ಇಟ್ಟಿದ್ದರು. ಪ್ರಾಡಾ ಪ್ರತಿಷ್ಠಾನದ ಆ ವಿಶಾಲವಾದ ಸಭಾಂಗಣದಲ್ಲಿ ಬೇರೆ ವರ್ಷಗಳಲ್ಲಿ ದೊಡ್ಡ ದೊಡ್ಡ ರಂಗಸಜ್ಜಿಕೆಗಳು ಇರುತ್ತಿದ್ದವು. ಈ ಸಲ ಸಭಾಂಗಣವನ್ನು ಹೆಚ್ಚುಕಡಿಮೆ ಬರಿದಾಗಿಯೇ ಬಿಟ್ಟು, ಕಿಟಕಿಗಳಿಂದ ಬಿಸಿಲು ಬೀಳಲು ಬಿಟ್ಟು, ನೆಲದ ಮೇಲೆ ಅಲ್ಲಲ್ಲಿ ಹೂವಿನಾಕಾರದ ದಪ್ಪ ನೆಲಹಾಸುಗಳನ್ನು ಮಾತ್ರ ಹಾಸಿದ್ದರು. ಅವುಗಳ ನಡುವೆ ತರುಣರು ನಡೆದುಬಂದರು. ಕೆಲವರು ತೊಡೆಯ ಮೇಲ್ಭಾಗದಲ್ಲೇ ಮುಗಿದುಹೋಗುವ, ನಿರಿಗೆಗೊಂಡು ಉಬ್ಬಿದ ಚಡ್ಡಿಗಳನ್ನು ತೊಟ್ಟಿದ್ದರು. ಕೆಲವರು ಆಟಗಾರರ ಪ್ಯಾಂಟಿನ ಮೇಲೆ ಕಚೇರಿಯ ಕೋಟು ಹಾಕಿಕೊಂಡಿದ್ದರು. ಕೆಲವರ ತಲೆಯ ಮೇಲೆ ಒಣಹುಲ್ಲಿನಂಥ ನಾರಿನಿಂದ ಮಾಡಿದ ಟೋಪಿಗಳು.

ಸಂಗ್ರಹವು ನನಗೆ ಬಹುಮಟ್ಟಿಗೆ ಹಿಡಿಸಿತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಎದೆ ಸೆಟೆಸಿ ನಡೆಯುವ ಗಂಡಸನ್ನು ತೋರಿಸುವುದು ಪುರುಷರ ಫ್ಯಾಷನ್ನಿನ ಹಳೆಯ ಚಾಳಿ. ಇಲ್ಲಿ ಬಂದವರು ಹಾಗೆ ನಡೆಯಲಿಲ್ಲ. ಬೆಳಿಗ್ಗೆ ಎದ್ದು ಕೈಗೆ ಸಿಕ್ಕಿದ್ದನ್ನು ತೊಟ್ಟು ಹೊರಟ ಹುಡುಗರಂತೆ ಇದ್ದರು. ಆದರೆ ಆ ಚಡ್ಡಿಗಳು ನನಗೆ ಸೇರಲಿಲ್ಲ. ಮಗುವಿನ ಮುಗ್ಧತೆಯನ್ನು ದೊಡ್ಡವರ ಮೈಗೆ ಹೊಲಿಯಲು ಹೋದರೆ ಅದು ಮುಗ್ಧತೆಯಾಗಿ ಉಳಿಯುವುದಿಲ್ಲ, ನಟನೆಯಾಗುತ್ತದೆ. ಟೋಪಿಗಳೂ ಹಾಗೆಯೇ, ಸರಳವಾಗಿ ಕಾಣಬೇಕೆಂಬ ಹಟ ಅವುಗಳಲ್ಲಿ ಎದ್ದು ಕಾಣುತ್ತಿತ್ತು. ಇಡೀ ಸಂಗ್ರಹದಲ್ಲಿ ಹಟವಿಲ್ಲದೆ ಸರಳವಾಗಿದ್ದುದು ಒಂದೇ ವಸ್ತು, ಆ ಚಪ್ಪಲಿ. ಕೋಟಿನ ಬಿಗುವಿಗೂ ಬರಿಗಾಲಿನ ಸಡಿಲಿಗೂ ನಡುವೆ ಒಂದು ಸೇತುವೆ ಬೇಕಾಗಿತ್ತು. ಚಪ್ಪಲಿ ಆ ಕೆಲಸವನ್ನು ಮಾಡಿತ್ತು. ಅದನ್ನು ತೆಗೆದು ಅಲ್ಲಿ ಬೂಟನ್ನು ಇಟ್ಟು ನೋಡಿ, ಅರ್ಧ ಸಂಗ್ರಹ ಕುಸಿದುಬೀಳುತ್ತದೆ. ನನ್ನ ಮೊದಲ ಭಾವನೆ ಸಂತೋಷವಾಗಿತ್ತು. ಸಿಟ್ಟು ಬಂದದ್ದು ಆಮೇಲೆ, ಆ ಸಂತೋಷದ ಕಾರಣದಿಂದಲೇ. ಪ್ರದರ್ಶನದ ಅತ್ಯುತ್ತಮ ಪದವನ್ನು ಎಲ್ಲಿಂದ ತಂದರೆಂದು ಯಾರೂ ಹೇಳಲಿಲ್ಲ. ತೊಗಲಿನ ಸ್ಯಾಂಡಲ್ ಎಂದಷ್ಟೇ ಕರೆದರು.

ಆ ಸರಳತೆ ಹೇಗೆ ಹುಟ್ಟುತ್ತದೆಂದು ನಿಮ್ಮಲ್ಲಿ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಎಮ್ಮೆಯ ತೊಗಲನ್ನು ರಾಸಾಯನಿಕಗಳಿಲ್ಲದೆ ಜಾಲಿಯ ತೊಗಟೆ, ಅಳಲೆಕಾಯಿಗಳ ಕಷಾಯದಲ್ಲಿ ಹದಮಾಡಬೇಕು. ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಕಷಾಯ ತುಂಬುವ ಕ್ರಮವೂ ಉಂಟು. ಅದರಿಂದ ಸಿಗುವ ಬಣ್ಣವೇ ನಾವು ಚಿತ್ರದಲ್ಲಿ ಕಂಡ ಕಂದು. ಹದವಾದ ತೊಗಲನ್ನು ರಂಪಿಗೆಯಿಂದ ಕತ್ತರಿಸಿ, ಬಡಿದು, ಪದರದ ಮೇಲೆ ಪದರವಿಟ್ಟು ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆ ಇರುವುದಿಲ್ಲ. ಅಟ್ಟೆಯ ಎರಡೂ ಬದಿಗೆ ಚಾಚಿಕೊಂಡ ಕಿವಿಯಂಥ ತುಂಡುಗಳು, ಅವುಗಳಿಗೆ ಸಿಕ್ಕಿಸಿದ ಅಡ್ಡಪಟ್ಟಿ, ಜಡೆಯಂತೆ ಹೆಣೆದ ಸಣ್ಣ ಎಳೆಗಳು. ಆ ಹೆಣಿಕೆ ಹೆಚ್ಚಾಗಿ ಹೆಂಗಸರ ಕೈಕೆಲಸ. ಹೊಸದರಲ್ಲಿ ಕಚ್ಚುತ್ತದೆ, ಎಣ್ಣೆ ಕುಡಿದು, ಕಾಲಿನ ಬೆವರು ಕುಡಿದು, ಮೆಟ್ಟಿದವನ ಪಾದದ ಅಚ್ಚನ್ನು ಹೊತ್ತುಕೊಂಡ ಮೇಲೆ ಮೆತ್ತಗಾಗುತ್ತದೆ. ಇಷ್ಟೆಲ್ಲ ಕೆಲಸದ ಕೊನೆಗೆ ಏನೂ ಕೆಲಸ ಮಾಡಿಲ್ಲವೆಂಬಂತೆ ಕಾಣುವುದು ಆ ಕಲೆಯ ಹಿರಿಮೆ. ಮಿಲಾನಿನ ವಿನ್ಯಾಸಕರ ಕಣ್ಣು ಅದನ್ನು ಗುರುತಿಸಿತು. ದಿನವೂ ಅದನ್ನು ಮೆಟ್ಟಿ ತಿರುಗುವ ನಮ್ಮ ಕಣ್ಣು ಗುರುತಿಸಿತ್ತೇ?

ಪ್ರಾಡಾ ಮನೆತನದ ಚರಿತ್ರೆಯನ್ನು ತಿಳಿದರೆ ಈ ಮೌನ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ. ಮಿಯುಚಾ ಅವರ ಅಜ್ಜ ಮಾರಿಯೋ ಪ್ರಾಡಾ 1913ರಲ್ಲಿ ಮಿಲಾನಿನಲ್ಲಿ ತೆರೆದದ್ದು ತೊಗಲಿನ ಸರಕಿನ ಅಂಗಡಿ. ತೊಗಲಿನ ವ್ಯಾಪಾರದಿಂದ ಮೇಲೆ ಬಂದ ಆ ಕುಟುಂಬದ ಅಡ್ಡಹೆಸರು ಇಂದು ಜಗತ್ತಿನ ಎಲ್ಲ ದೊಡ್ಡ ಊರುಗಳ ಅಂಗಡಿಗಳ ಮೇಲೆ ಹೊಳೆಯುತ್ತಿದೆ. ನಮ್ಮ ಕಡೆಯ ತೊಗಲಿನ ಕುಟುಂಬದ ಅಡ್ಡಹೆಸರು ಹಾಗೆ ಯಾವ ಅಂಗಡಿಯ ಮೇಲೂ ಹೊಳೆಯಲಿಲ್ಲ. ಶಾಲೆಯ ಹಾಜರಿಪುಸ್ತಕದಲ್ಲಿ ಅದನ್ನು ಓದಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕಿರುತ್ತಾರೆ. ಈ ಲೇಖನದ ಕೊನೆಯಲ್ಲಿ ಆ ಮಾತಿಗೆ ಮತ್ತೆ ಬರುತ್ತೇನೆ.

ಗದ್ದಲವೆದ್ದ ಮೇಲೆ ಮಿಯುಚಾ ಅವರ ಮಗ ಲೊರೆಂಜೊ ಬೆರ್ತೆಲ್ಲಿ ಮಹಾರಾಷ್ಟ್ರದ ವಾಣಿಜ್ಯೋದ್ಯಮ ಮಂಡಳಿಗೆ ಪತ್ರ ಬರೆದರು. ಚಪ್ಪಲಿಗೆ ಭಾರತದ ಪಾರಂಪರಿಕ ಕೈಕಸುಬಿನ ಪಾದರಕ್ಷೆಯೇ ಪ್ರೇರಣೆ ಎಂದು ಒಪ್ಪಿಕೊಂಡರು. ವಿನ್ಯಾಸವಿನ್ನೂ ಆರಂಭದ ಹಂತದಲ್ಲಿದೆ ಎಂದೂ ಹೇಳಿದರು. ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯು ಜುಲೈ ತಿಂಗಳಲ್ಲಿ ವಜಾಗೊಂಡಿತು. ಅರ್ಜಿ ಹಾಕಿದವರು ಆ ಹೆಸರಿನ ನೋಂದಾಯಿತ ಒಡೆಯರಲ್ಲ ಎಂಬುದು ಕಾರಣ. ಭಾಷೆಯ ವಿದ್ಯಾರ್ಥಿಗಳಾದ ನೀವು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆ ಕಾನೂನು ಮುಖ್ಯವಾಗಿ ಕಾಯುವುದು ಹೆಸರನ್ನು. ಬೇರೆಡೆ ಮಾಡಿದ ಸರಕಿಗೆ ಆ ಹೆಸರನ್ನು ಅಂಟಿಸಿದರೆ ನಮ್ಮ ದೇಶದಲ್ಲಿ ಅದು ತಪ್ಪಾಗುತ್ತದೆ. ಹೆಸರನ್ನೇ ಹೇಳದೆ ಆಕಾರವನ್ನು ಮಾತ್ರ ಒಯ್ದವರನ್ನು ಹಿಡಿಯುವುದು ಕಷ್ಟ. ಸುಳ್ಳು ಹೇಳಿದವನನ್ನು ಹಿಡಿಯಬಲ್ಲ ಕಾನೂನು ಸುಮ್ಮನಿದ್ದವನ ಮುಂದೆ ಸೋಲುತ್ತದೆ.

ಫ್ಯಾಷನ್ ಪ್ರದರ್ಶನವೆಂದರೆ ಹೀಗೆಯೇ, ಅಲ್ಲಿ ಬೇರಿಗೆ ಎಡೆಯೇ ಇಲ್ಲವೆಂದು ವಾದಿಸುವವರುಂಟು. ನಾನು ಒಪ್ಪುವುದಿಲ್ಲ. ಹುಸೇನ್ ಚಲಾಯನ್ ಎಂಬ ವಿನ್ಯಾಸಕನಿದ್ದಾನೆ. 1970ರಲ್ಲಿ ಸೈಪ್ರಸ್ ದ್ವೀಪದ ನಿಕೋಸಿಯಾದಲ್ಲಿ ಹುಟ್ಟಿದವನು. ನಡುವೆ ಗೆರೆ ಎಳೆದು ಎರಡಾಗಿಸಿದ ನಗರ ಅದು. ಗಡಿಯಲ್ಲಿ ಬದುಕುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 2000ದ ಫೆಬ್ರವರಿಯಲ್ಲಿ ಲಂಡನ್ನಿನ ಒಂದು ರಂಗಮಂದಿರದಲ್ಲಿ ಆತ ತೋರಿಸಿದ ಸಂಗ್ರಹದಲ್ಲಿ ವೇದಿಕೆಯೇ ಒಂದು ಮನೆಯ ನಡುಕೋಣೆ. ಬಿಳಿಯ ಗೋಡೆ, ನಾಲ್ಕು ಕುರ್ಚಿ, ನಡುವೆ ಮರದ ದುಂಡು ಮೇಜು. ಕೊನೆಯಲ್ಲಿ ಹೆಂಗಸರು ಬಂದು ಕುರ್ಚಿಯ ಗವಸುಗಳನ್ನು ಕಳಚಿ ಉಡುಪಾಗಿ ತೊಟ್ಟರು. ಕುರ್ಚಿಗಳನ್ನು ಮಡಚಿದಾಗ ಅವು ಪೆಟ್ಟಿಗೆಗಳಾದವು. ಒಬ್ಬಳು ಮೇಜಿನ ನಡುವೆ ಕಾಲಿಟ್ಟು ಅದನ್ನು ಮೇಲಕ್ಕೆಳೆದಳು. ಮೇಜು ಸುತ್ತುಸುತ್ತಾಗಿ ಎದ್ದು ಆಕೆಯ ಸೊಂಟದಲ್ಲಿ ಲಂಗವಾಗಿ ನಿಂತಿತು. ಒಂದು ಕ್ಷಣದಲ್ಲಿ ಮನೆಯೆಲ್ಲ ಮೈಮೇಲೆ ಬಂದಿತ್ತು, ಕೋಣೆ ಬರಿದಾಗಿತ್ತು. ಸೈಪ್ರಸ್‌ನಲ್ಲಿ ಮನೆ ಬಿಟ್ಟು ಓಡಬೇಕಾಗಿ ಬಂದ ತನ್ನ ಜನರ ನೆನಪು, ಆಗಷ್ಟೇ ಕೊಸೊವೊದಲ್ಲಿ ನಡೆದ ಯುದ್ಧದ ನಿರಾಶ್ರಿತರ ಚಿತ್ರಗಳು, ಎರಡೂ ಆ ಮೇಜಿನಲ್ಲಿದ್ದವು. ಉಡುಪಿನ ಆಕಾರವೇ ತಾನು ಬಂದ ದಾರಿಯನ್ನು ಹೇಳುತ್ತಿತ್ತು. ಅದನ್ನು ನಾನು ನೋಡಿದ್ದು ಅಂತರ್ಜಾಲದ ಮುದ್ರಿಕೆಯಲ್ಲಿ, ಬಹಳ ತಡವಾಗಿ. ಆದರೂ ಒಂದು ಖಂಡಕಾವ್ಯವನ್ನು ಓದಿದಂತಾಯಿತು. ಅದನ್ನು ನೋಡಿದ ಮೇಲೆ ಫ್ಯಾಷನ್ನಿಗೆ ಮಾತು ಬರುವುದಿಲ್ಲವೆಂಬ ವಾದವನ್ನು ಹೇಗೆ ಒಪ್ಪಲಿ?

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. 2023ರ ಮಾರ್ಚ್ 30ರಂದು ಡಿಯೋರ್ ಸಂಸ್ಥೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆಯೇ ತನ್ನ ಸಂಗ್ರಹವನ್ನು ತೋರಿಸಿತು. ಅದರ ಕಸೂತಿಯ ಹಿಂದೆ ಮುಂಬಯಿಯ ಚಾಣಕ್ಯ ಕಾರ್ಯಾಗಾರವಿದೆಯೆಂದು ವಿನ್ಯಾಸಕಿ ಮರಿಯಾ ಗ್ರಾಜಿಯಾ ಕ್ಯೂರಿ ಬಹಿರಂಗವಾಗಿ ಹೇಳಿದರು. ಕುಶಲಕರ್ಮಿಗಳು ಮಾಡಿದ ಎತ್ತರದ ತೋರಣವೇ ವೇದಿಕೆಯ ಹಿನ್ನೆಲೆಯಾಗಿತ್ತು. ಉಡುಪುಗಳು ನನಗೆ ಅಷ್ಟು ರುಚಿಸಲಿಲ್ಲ. ಪ್ರವಾಸಿಯ ಕಣ್ಣಿಗೆ ಬೀಳುವ ಭಾರತ ಅಲ್ಲಿ ತುಸು ಹೆಚ್ಚಾಗಿತ್ತು. ಆದರೆ ಋಣವನ್ನು ಹೇಳಿದರು. ಋಣ ಹೇಳಿದವರ ಸಂಗ್ರಹ ಸಾಧಾರಣ, ಹೇಳದವರ ಸಂಗ್ರಹ ಸೊಗಸು ಎಂಬ ಇಕ್ಕಟ್ಟು ವಿಮರ್ಶಕನಿಗೆ ಬರುತ್ತದೆ. ಆಗ ಎರಡನ್ನೂ ಬೇರೆ ಬೇರೆಯಾಗಿ ಹೇಳಬೇಕು; ಒಂದರಿಂದ ಇನ್ನೊಂದನ್ನು ಮುಚ್ಚಬಾರದು.

ಮಿಲಾನಿನ ಗದ್ದಲ ಇಲ್ಲಿಗೆ ತಲುಪಿದಾಗ ಅದು ಎರಡು ರಾಜ್ಯಗಳ ತಕರಾರಾಗಿ ಮಾರ್ಪಟ್ಟಿತು. ಚಪ್ಪಲಿ ಮಹಾರಾಷ್ಟ್ರದ ಹೆಮ್ಮೆಯೆಂದು ಒಂದು ಕಡೆ. ಮಾಡುವ ಕೈಗಳು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿವೆಯೆಂದು ಇನ್ನೊಂದು ಕಡೆ. ಎರಡೂ ಮಾತು ನಿಜ. 2019ರ ನೋಂದಣಿಯೇ ಇಬ್ಬರಿಗೂ ಸೇರಿದ್ದು: ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಈ ಕಡೆ; ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಆ ಕಡೆ. ಅಂದರೆ ಅಕ್ಕಲಕೋಟದಿಂದ ಬರುವ ನೀವೂ ಜತ್ತದಿಂದ ಬರುವ ನೀವೂ ಆ ನಕಾಶೆಯ ಒಳಗೇ ಇದ್ದೀರಿ. ಸಂತೆಗೆ ಹೋಗುವ ಚಪ್ಪಲಿ ಗಡಿಯ ಕಲ್ಲನ್ನು ನೋಡಿ ಹೆಸರು ಬದಲಿಸಿಕೊಳ್ಳಲಿಲ್ಲ. ಅಥಣಿಯ ಜೋಡಿ ಕೊಲ್ಹಾಪುರದ ಪೇಟೆಗೆ ಬಂದು ಕೊಲ್ಹಾಪುರಿಯಾಯಿತು. ಮಾರಿದ ಊರಿನ ಹೆಸರು ನಿಂತಿತು, ಮಾಡಿದ ಊರಿನದು ಕಳೆಯಿತು. ಹಾಗಾದರೆ ಪ್ರಾಡಾ ಕೊಲ್ಹಾಪುರಿ ಎಂದು ಹೇಳಿದ್ದರೂ ಅಥಣಿಯ ಹೆಸರು ಬರುತ್ತಿರಲಿಲ್ಲ. ಅಳಿಸುವ ಕೆಲಸವನ್ನು ಮಿಲಾನಿಗಿಂತ ಮುಂಚೆ ನಮ್ಮ ಪೇಟೆಯೇ ಆರಂಭಿಸಿತ್ತು.

2025ರ ಡಿಸೆಂಬರ್‌ನಲ್ಲಿ ಒಪ್ಪಂದವೂ ಆಯಿತು. ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳಾದ ಲಿಡ್‌ಕಾಮ್ ಮತ್ತು ಲಿಡ್ಕರ್ ಜೊತೆ ಸೇರಿ, ಇಲ್ಲಿನ ಕೈಗಳಿಂದ 2,000 ಜೋಡಿಗಳನ್ನು ಮಾಡಿಸಿ, ಜೋಡಿಗೆ ಸುಮಾರು 800 ಯುರೋ ಬೆಲೆಗೆ ಮಾರುವುದಾಗಿ ಪ್ರಾಡಾ ಪ್ರಕಟಿಸಿತು. ತರಬೇತಿಯ ಮಾತೂ ಅದರಲ್ಲಿದೆ. ಇದನ್ನು ಗೆಲುವೆಂದು ಹೇಳಿದವರಿದ್ದಾರೆ. ಕಣ್ಣೊರೆಸುವ ತಂತ್ರವೆಂದು ಹೇಳಿದವರೂ ಇದ್ದಾರೆ. ನನಗೆ ಇದು ಗೆಲುವೇ, ಸಣ್ಣ ಗೆಲುವು. ಗದ್ದಲವಾಗದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಆ 800 ಯುರೋಗಳಲ್ಲಿ ಹೆಣಿಕೆ ಹಾಕಿದ ಹೆಂಗಸಿನ ಕೈಗೆ ಎಷ್ಟು ಬರುತ್ತದೆಂಬ ಪ್ರಶ್ನೆಯನ್ನು ಮಾತ್ರ ಬಿಡದೆ ಕೇಳುತ್ತಿರಬೇಕು.

ಇಷ್ಟರಲ್ಲಿ ಕನ್ನಡದ ಪಾಠ ಎಲ್ಲಿ ಬಂತೆಂದು ನೀವು ಕೇಳುವಿರಿ. ಈ ವಸ್ತುವಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆಯೆಂದು ಲೆಕ್ಕ ಹಾಕಿ: ಕೆರ, ಮೆಟ್ಟು, ಎಕ್ಕಡ, ಜೋಡು, ಪಾದರಕ್ಷೆ, ಹಳಗಾಲದ ಚಮ್ಮಾವುಗೆ, ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಕಾಲ್ಮರಿ. ಕಾಲಿಗೆ ಅಂಟಿಕೊಂಡು ಬರುವ ಮರಿ ಎಂಬ ಭಾವವನ್ನು ನಾನು ಆ ಮಾತಿನಲ್ಲಿ ಕೇಳುತ್ತೇನೆ. ವ್ಯುತ್ಪತ್ತಿಕಾರರು ಬೇರೆ ಹೇಳಿದರೆ ಜಗಳವಾಡುವುದಿಲ್ಲ. ಇವುಗಳಲ್ಲಿ ಎಷ್ಟು ಹೆಸರುಗಳು ಇಂದು ಬೈಗುಳದಲ್ಲಿ ಮಾತ್ರ ಬದುಕಿವೆ ಎಂಬುದನ್ನೂ ಲೆಕ್ಕ ಹಾಕಿ. ವಸ್ತು ಸುಂದರ, ಹೆಸರು ಬೈಗುಳ. ಭಾಷೆ ಒಂದು ಕಸುಬಿಗೆ ಮಾಡಿದ ಅನ್ಯಾಯದ ದಾಖಲೆ ನಿಘಂಟಿನಲ್ಲಿಯೇ ಸಿಗುತ್ತದೆ.

ಅದೇ ಭಾಷೆಯಲ್ಲಿ ಹರಳಯ್ಯನ ಕಥೆಯೂ ಇದೆ. ದಾರಿಯಲ್ಲಿ ಶರಣು ಎಂದ ಸಮಗಾರ ಹರಳಯ್ಯನಿಗೆ ಬಸವಣ್ಣ ಶರಣು ಶರಣಾರ್ಥಿ ಎಂದನಂತೆ. ತಾನು ಕೊಟ್ಟದ್ದಕ್ಕಿಂತ ಒಂದು ನಮಸ್ಕಾರ ಹೆಚ್ಚಾಗಿ ಮರಳಿತಲ್ಲ, ಆ ಭಾರವನ್ನು ಇಳಿಸುವುದು ಹೇಗೆಂದು ಹರಳಯ್ಯನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ. ತಲೆಯ ಮೇಲಿಟ್ಟುಕೊಂಡನೆಂದು ಜನ ಹೇಳುತ್ತಾರೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆಯಾಗಿ, ಅದರಿಂದ ಕಲ್ಯಾಣವೇ ಹೊತ್ತಿ ಉರಿದದ್ದನ್ನು ನೀವು ಓದಿದ್ದೀರಿ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಇದ್ದ ಮಂಗಳವೇಡೆ ನಮ್ಮದೇ ಸೊಲ್ಲಾಪುರ ಜಿಲ್ಲೆಯಲ್ಲಿದೆ. ನಾನು ಈ ಕಥೆಯನ್ನು ಬಹುಕಾಲ ಭಕ್ತಿಯ ಪರಾಕಾಷ್ಠೆಗೆ ಉದಾಹರಣೆಯಾಗಿ ಪಾಠ ಮಾಡಿದೆ. ಈಗ ಅದು ಬೇರೆಯಾಗಿ ಕೇಳಿಸುತ್ತದೆ. ಒಂದೇ ಒಂದು ಮರ್ಯಾದೆಯ ಮಾತಿಗೆ ತನ್ನ ಚರ್ಮವನ್ನೇ ತೆತ್ತು ಋಣ ತೀರಿಸಬೇಕೆಂದು ಒಬ್ಬನಿಗೆ ಅನ್ನಿಸಬೇಕಾದರೆ, ಅದಕ್ಕೆ ಮೊದಲು ಅಂಥ ಮಾತು ಅವನ ಕಿವಿಗೆ ಎಷ್ಟು ಸಲ ಬಿದ್ದಿರಬೇಕು?

ನಮ್ಮ ಕಾಲೇಜಿಗೂ ಒಂದು ಫ್ಯಾಷನ್ ವೀಕ್ ಇದೆ. ಪ್ರತಿ ವರ್ಷ ಸ್ನೇಹಸಮ್ಮೇಳನದ ವಾರದಲ್ಲಿ ‘ಟ್ರೆಡಿಶನಲ್ ಡೇ’ ಮಾಡುತ್ತೀರಿ. ಹುಡುಗರು ಧೋತರ, ಪೇಟ, ಕೊಲ್ಹಾಪುರಿ. ಹುಡುಗಿಯರು ಇಳಕಲ್ ಸೀರೆ, ನೌವಾರಿ, ಮೂಗಿಗೆ ನತ್ತು. ಸಭಾಭವನದ ನಡುವೆ ಬೆಂಚು ಸರಿಸಿ ದಾರಿ ಮಾಡಿ ನಡೆಯುತ್ತೀರಿ. ನಿರೂಪಕ ಮರಾಠಿ, ಕನ್ನಡ ಎರಡರಲ್ಲೂ ಕೂಗುತ್ತಾನೆ. ಕಳೆದ ಸಲ ನಾನು ಪರೀಕ್ಷಕರ ಸಾಲಿನಲ್ಲಿದ್ದೆ. ಅಂಕ ಹಾಕುತ್ತ ಕುಳಿತಾಗ ಮಿಲಾನಿನ ಪ್ರದರ್ಶನ ನೆನಪಾಯಿತು. ನಾವೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಸೀರೆ ಯಾರು ನೇಯ್ದರು, ಚಪ್ಪಲಿ ಯಾರು ಹೊಲಿದರು ಎಂಬುದು ನಮ್ಮ ನಿರೂಪಕನ ಚೀಟಿಯಲ್ಲೂ ಇರಲಿಲ್ಲ.

ಆದುದರಿಂದ ವಿಭಾಗದ ಸಭೆಯಲ್ಲಿ ಒಂದು ಸಲಹೆ ಕೊಟ್ಟೆ. ಮುಂದಿನ ಸಲ ನಡೆಯುವವರು ತಾವು ತೊಟ್ಟದ್ದು ಯಾವ ಊರಿನದು, ಯಾರ ಕೈಯದು ಎಂದು ಒಂದು ವಾಕ್ಯ ಹೇಳಲಿ. ಹೇಳಿದವರಿಗೆ ಹೆಚ್ಚಿನ ಅಂಕ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ನನ್ನ ಮಾತು ಚೆನ್ನಾಗಿಯೇ ಕೇಳಿಸಿತ್ತು. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿ ಬಾಗಿಲಲ್ಲಿ ನಿಂತಿದ್ದ. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಚಪ್ಪಲಿ ಮಾಡುತ್ತಾರೆಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ, ಹೇಳಿರಲಿಲ್ಲ. ಟ್ರೆಡಿಶನಲ್ ಡೇ ದಿನ ನಡೆದ ಹುಡುಗರಲ್ಲಿ ನಾಲ್ವರ ಕಾಲಲ್ಲಿ ಇದ್ದದ್ದು ಅವನ ತಂದೆ ಮಾಡಿದ ಜೋಡಿಗಳು. ಅವನು ಮಾತ್ರ ಆ ದಿನ ಬೂಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ.

“ಸರ, ನೀವು ಹೇಳಿದ್ದು ಖರೇನ ಐತ್ರಿ,” ಎಂದ. “ಆದ್ರ ಮಿಲಾನ್‌ದವರು ಅಪ್ಪನ ಹೆಸರು ಹೇಳಿದ್ರ ಅದು ಹೆಸರಾಗ್ತೈತಿ. ಇಲ್ಲಿ ಹೇಳಿದ್ರ ಜಾತಿ ಹೇಳಿದಂಗ ಆಗ್ತೈತ್ರಿ.”

ನಾನು ಅವನಿಗೆ ಕುಳಿತುಕೊಳ್ಳಲು ಹೇಳಿದೆ. ಸಲಹೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಹೇಳಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಹಕ್ಕು ಅಂಕ ಹಾಕುವವರಿಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಈ ಬಗ್ಗೆ ಬರೆಯಬೇಕೆನ್ನಿಸಿದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿದ್ದೇವೆ. ಹೆಸರು ಹಾಕಿ ಬರೆಯಬಹುದು, ಹಾಕದೆಯೂ ಬರೆಯಬಹುದು.